ಹಳೆಯ ಅಕ್ವೇರಿಯಂ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ: ತಂದೆಯವರು ತಂದಿಟ್ಟ ಗಾಜಿನ ಅಕ್ವೇರಿಯಂ ಒಂದು ನಮ್ಮಲ್ಲಿದೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎಷ್ಟೋ ವರ್ಷ ಅಟ್ಟದ ಮೇಲೆ ಖಾಲಿ ಬಿದ್ದಿತ್ತು. ಮಕ್ಕಳು ಹಟ ಹಿಡಿದರೆಂದು ಇಳಿಸಿ ನೀರು ತುಂಬಿದೆ, ಕೆಳಗಿನ ಮೂಲೆಯಲ್ಲಿ ಜಿನುಗುತ್ತಿದೆ. ಜಿನುಗುವ ಜಾಗಕ್ಕೆ ಸಿಲಿಕಾನ್ ಹಚ್ಚಿದರೂ ಎರಡೇ ದಿನಕ್ಕೆ ಮತ್ತೆ ಶುರುವಾಯಿತು. ಮನೆಯಲ್ಲೇ ರಿಪೇರಿ ಸಾಧ್ಯವೇ? – ಓದುಗರು, ನರೇಗಲ್

ಉತ್ತರ: ಸಾಧ್ಯ. ಆದರೆ ತೇಪೆ ಹಚ್ಚಿ ಆಗುವ ಕೆಲಸವಲ್ಲ. ಒಮ್ಮೆ ಗಟ್ಟಿಯಾದ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ. ನೋಡಲು ಅಂಟಿದಂತೆಯೇ ಇರುತ್ತದೆ, ನೀರು ಮಾತ್ರ ಎರಡರ ನಡುವೆ ದಾರಿ ಮಾಡಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿದ್ದೂ ಇದೇ. ಹೊರಗಿನಿಂದ ಎಂ-ಸೀಲ್ ಮೆತ್ತಿದರೂ ಉಪಯೋಗವಿಲ್ಲ, ಏಕೆಂದರೆ ನೀರು ಅದನ್ನು ಒಳಗಿನಿಂದ ತಳ್ಳುತ್ತಲೇ ಇರುತ್ತದೆ. ಒಳಗಿನ ಅಂಚುಗಳ ಹಳೆಯ ಸಿಲಿಕಾನ್ ಪೂರ್ತಿ ಕೆರೆದು ತೆಗೆದು, ಎಲ್ಲ ಮೂಲೆಗಳಿಗೂ ಒಂದೇ ಸಲ ಹೊಸದು ಹಾಕಬೇಕು.

ಕೆಲಸಕ್ಕೆ ಇಳಿಯುವ ಮೊದಲು ಆ ಗಾಜು ಹೊರುವ ಭಾರ ಎಷ್ಟೆಂದು ತಿಳಿದಿರಲಿ. ನಿಮ್ಮ ತೊಟ್ಟಿ ತುಂಬಿದರೆ ಸುಮಾರು 127 ಲೀಟರ್ ನೀರು. ಮುಂದಿನ ಗಾಜನ್ನು ಅದು ಹೊರಕ್ಕೆ ತಳ್ಳುವ ಬಲ 90 ಕೆ.ಜಿ.ಗೂ ಮೇಲೆ, ಒಂದು ಕ್ವಿಂಟಲ್ ಜೋಳದ ಚೀಲ ಹಗಲು ರಾತ್ರಿ ಗಾಜಿಗೆ ಒರಗಿ ಕೂತಂತೆ. ನೀರಿನ ಒತ್ತಡ ಎತ್ತರವನ್ನು ಅವಲಂಬಿಸಿದ್ದರಿಂದ ತಳದ ಮೂಲೆಗಳ ಮೇಲೆಯೇ ಅದು ಹೆಚ್ಚು. ಹಾಗಾಗಿ ಮೊದಲು ಗಾಜಿನ ದಪ್ಪ ಅಳೆಯಿರಿ. 6 ಮಿ.ಮೀ.ಗಿಂತ ತೆಳುವಾಗಿದ್ದರೆ ಅಥವಾ ಅಂಚಿನಲ್ಲಿ ಬಿರುಕಿದ್ದರೆ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ನೀರು ತುಂಬಲೇಬೇಡಿ.

ಇನ್ನೊಂದು ಪರೀಕ್ಷೆಯೂ ಇದೆ. ಗಾಜಿಗೂ ಗಾಜಿಗೂ ನಡುವೆ ಇರುವ ತೆಳು ಪದರವೇ ತೊಟ್ಟಿಯನ್ನು ಹಿಡಿದು ನಿಲ್ಲಿಸಿರುವುದು. ಒಳಮೂಲೆಯಲ್ಲಿ ಕಾಣುವ ದಪ್ಪ ಪಟ್ಟಿ ನೀರು ಆ ಪದರಕ್ಕೆ ತಾಗದಂತೆ ತಡೆಯುತ್ತದೆ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿ. ತೆಳು ಪದರದಲ್ಲಿ ಗುಳ್ಳೆಗಳೋ ಬಿಟ್ಟುಕೊಂಡ ಬಿಳಿ ಮಚ್ಚೆಗಳೋ ಕಂಡರೆ ಇಡೀ ತೊಟ್ಟಿಯನ್ನೇ ಬಿಚ್ಚಿ ಜೋಡಿಸಬೇಕಾಗುತ್ತದೆ. ಅದನ್ನು ಗಾಜಿನ ಅಂಗಡಿಯವರಿಗೆ ಬಿಡುವುದು ಒಳ್ಳೆಯದು. ಪದರ ಸ್ವಚ್ಛವಾಗಿದ್ದರೆ ಒಳಗಿನ ಪಟ್ಟಿಯನ್ನು ನೀವೇ ಬದಲಿಸಬಹುದು. ಕಬ್ಬಿಣದ ಆಂಗಲ್ ಚೌಕಟ್ಟಿನ, ಪುಟ್ಟಿ ತುಂಬಿದ ತೊಟ್ಟಿಯಾದರೆ ಕಥೆ ಬೇರೆ. ಖಾಲಿ ಬಿದ್ದರೆ ಪುಟ್ಟಿ ಒಣಗಿ ಸೀಳುತ್ತದೆ. ಅಂಥದ್ದಕ್ಕೂ ಒಳಗಿನಿಂದ ಸಿಲಿಕಾನ್ ಪಟ್ಟಿ ಹಾಕಬಹುದು, ಮೂಲೆಯ ಗಾಜಿನ ಮೇಲೆ ಪುಟ್ಟಿಯ ಜಿಡ್ಡು ಉಳಿದಿರಬಾರದು, ಅಷ್ಟೇ.

ಕೆರೆಯಲು ಹೊಸ ಬ್ಲೇಡ್ ಬೇಕು. ಅದನ್ನು ಗಾಜಿಗೆ ಮಲಗಿಸಿ ಹಿಡಿದು ಪಟ್ಟಿಯ ಎರಡೂ ಅಂಚು ಬಿಡಿಸಿದರೆ ಸಿಲಿಕಾನ್ ಉದ್ದಕ್ಕೆ ಎದ್ದು ಬರುತ್ತದೆ. ಬ್ಲೇಡಿನ ಮೂಲೆಯನ್ನು ಗಾಜುಗಳ ನಡುವಿನ ಪದರಕ್ಕೆ ಮಾತ್ರ ತೂರಿಸಬೇಡಿ. ನಿಮ್ಮ ಭಾಗದ ಕೊಳವೆಬಾವಿ ನೀರು ಗಡಸು, ಗಾಜಿನ ಮೇಲೆ ಬಿಳಿ ಸುಣ್ಣ ಕಟ್ಟಿರುತ್ತದೆ. ಹೊರಗಡೆ ಮೂಲೆಯಲ್ಲಿ ಅಂಥ ಬಿಳಿ ಗೆರೆ ಕಂಡರೆ ನೀರು ಮೊದಲು ಎಲ್ಲಿ ಜಿನುಗುತ್ತಿತ್ತೆಂದು ಅದೇ ಹೇಳುತ್ತದೆ. ಒಳಗಿನ ಸುಣ್ಣವನ್ನು ನಿಂಬೆರಸ ಅಥವಾ ವಿನೆಗರಿನಲ್ಲಿ ನೆನೆಸಿದ ಬಟ್ಟೆಯಿಂದ ಕರಗಿಸಿ ತೊಳೆದು ಒಣಗಿಸಿ. ಸೋಪಿನ ಪುಡಿ ಬೇಡ. ಕೊನೆಗೆ ಅಸಿಟೋನ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ಆಮೇಲೆ ಆ ಜಾಗವನ್ನು ಬೆರಳಿನಿಂದಲೂ ಮುಟ್ಟಬಾರದು.

ಸಿಲಿಕಾನ್ ಕೊಳ್ಳುವಾಗ ಟ್ಯೂಬ್ ತಿರುಗಿಸಿ ಓದಿ. ಅಕ್ವೇರಿಯಂಗೆ ಆಗುತ್ತದೆ ಎಂದು ಬರೆದಿರಬೇಕು. ಬಚ್ಚಲಮನೆಗೆಂದು ಮಾಡಿದ, ಬೂಷ್ಟು ತಡೆಯುವ ಸಿಲಿಕಾನಿನಲ್ಲಿ ಮೀನಿಗೆ ವಿಷವಾಗುವ ಔಷಧಿ ಇರುತ್ತದೆ. ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಹಳೆಯ ಮಾಲು ಎಷ್ಟು ದಿನವಾದರೂ ಗಟ್ಟಿಯಾಗುವುದಿಲ್ಲ. ಗಾಜಿನ ತುಂಡಿನ ಮೇಲೆ ಒಂದು ಬೊಟ್ಟು ಇಟ್ಟು ನೋಡಿ. ಮರುದಿನ ರಬ್ಬರಿನಂತಾಗಿ, ಉಗುರಿನಿಂದ ಎತ್ತಿದರೂ ಬಿಡದಿದ್ದರೆ ಮಾಲು ಸರಿಯಿದೆ. ನಿಮ್ಮ ತೊಟ್ಟಿಯ ಒಳ ಅಂಚುಗಳೆಲ್ಲ ಸೇರಿ 14 ಅಡಿ, ಒಂದು ಟ್ಯೂಬ್ ಧಾರಾಳ.

ಮೂಲೆಯ ಎರಡೂ ಕಡೆ ಸುಮಾರು 6 ಮಿ.ಮೀ. ಜಾಗ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಮೊದಲು ನಿಂತ ಮೂಲೆಗಳು, ಆಮೇಲೆ ತಳ. ಗನ್ನಿನಿಂದ ನಡುವೆ ನಿಲ್ಲಿಸದೆ ಎಳೆದು, ಗ್ಲೌಸ್ ಹಾಕಿದ ಬೆರಳಿನಿಂದ ಒಂದೇ ಎಳೆತಕ್ಕೆ ಸವರಿ, ಟೇಪನ್ನು ಕೂಡಲೇ ಕಿತ್ತುಬಿಡಿ. ಐದತ್ತು ನಿಮಿಷದಲ್ಲಿ ಮೇಲೆ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ ಮೇಲೆ ಟೇಪ್ ಎಳೆದರೆ ಅಂಚು ಹರಿದು ಮೇಲೇಳುತ್ತದೆ. ಅದಕ್ಕೇ ಇಬ್ಬರಿದ್ದರೆ ಅನುಕೂಲ: ಒಬ್ಬರು ಸವರಲು, ಒಬ್ಬರು ಟೇಪ್ ತೆಗೆಯಲು.

ಸಿಲಿಕಾನ್ ಗಟ್ಟಿಯಾಗುವುದು ಬಿಸಿಲಿನಿಂದಲ್ಲ, ಗಾಳಿಯ ತೇವದಿಂದ. ದಿನಕ್ಕೆ ಎರಡು-ಮೂರು ಮಿ.ಮೀ. ಆಳ ಮಾತ್ರ. ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಇನ್ನೂ ನಿಧಾನ. ತೊಟ್ಟಿಯನ್ನು ಬಿಸಿಲಿಗಿಟ್ಟು ಒಣಗಿಸಬೇಡಿ, ಧೂಳು ಬಾರದ ಕೋಣೆಯಲ್ಲಿಟ್ಟು ಪಕ್ಕದಲ್ಲಿ ನೀರು ತುಂಬಿದ ಅಗಲ ಬೋಗುಣಿ ಇಡಿ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಶ್ರಾವಣದ ತೇವದ ಗಾಳಿಯೇ ಹೇಳಿಮಾಡಿಸಿದ್ದು. ಒಂದು ವಾರ ಪೂರ್ತಿ ಬಿಡಿ. ವಿನೆಗರಿನಂಥ ಹುಳಿ ವಾಸನೆ ಇನ್ನೂ ಬರುತ್ತಿದ್ದರೆ ಮತ್ತೆ ಕಾಯಿರಿ.

ಈಗ ನೆಲದ ಮಾತು. ಇದನ್ನು ಯಾರೂ ಕೇಳುವುದಿಲ್ಲ, ನಿಮ್ಮೂರಿನಲ್ಲಿ ಮಾತ್ರ ಕೇಳಲೇಬೇಕು. ನರೇಗಲ್ ಸುತ್ತಿನ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಹಾಸಿದ ಫರಸಿಯೂ ಅಲ್ಪಸ್ವಲ್ಪ ಏಳುತ್ತದೆ, ಕುಸಿಯುತ್ತದೆ. ಸ್ಟ್ಯಾಂಡಿನ ಒಂದು ಕಾಲು ಎರಡು ಮಿ.ಮೀ. ತಗ್ಗಿದರೂ ಸಾಕು, ಗಾಜು ತಿರುಚಿಕೊಂಡು ಎಂಥ ಸಿಲಿಕಾನನ್ನಾದರೂ ಮೂಲೆಯಿಂದ ಬಿಡಿಸುತ್ತದೆ. ಗೌಂಡಿಯವರ ರಸಮಟ್ಟ ತಂದು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ತಗ್ಗಿದ ಕಾಲಿನ ಕೆಳಗೆ ತಗಡು ಕೊಡಿ. ತೊಟ್ಟಿಯ ಅಡಿಗೆ ಅದರಷ್ಟೇ ಅಳತೆಯ ಥರ್ಮೋಕೋಲ್ ಹಾಳೆ ಹಾಸಿ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ ಮಟ್ಟ ನೋಡುವ ರೂಢಿ ಇರಲಿ.

ಸೋರಿಕೆ ಪರೀಕ್ಷೆ ಅಂಗಳದ ಸಮತಟ್ಟಾದ ಕಟ್ಟೆಯ ಮೇಲಾಗಲಿ. ಅಲ್ಲಿಯೂ ಥರ್ಮೋಕೋಲ್ ಹಾಸಿ, ಸುತ್ತ ಹಳೆಯ ಪೇಪರ್ ಹರಡಿ, ಮೂರನೇ ಒಂದು ಭಾಗ ನೀರು ತುಂಬಿ ಒಂದು ದಿನ ಬಿಡಿ. ಪೇಪರ್ ಒಣಗಿಯೇ ಇದ್ದರೆ ಇನ್ನೊಂದು ಭಾಗ, ಮತ್ತೊಂದು ದಿನ. ಪೂರ್ತಿ ತುಂಬಿದ ಮೇಲೆ ಎರಡು ದಿನ. ನೀರಿರುವಾಗ ತೊಟ್ಟಿಯನ್ನು ಜರುಗಿಸಲೂ ಬೇಡಿ. ಆ ನೀರು ಗಿಡಕ್ಕೆ ಹಾಕಿ, ಹೊಸ ನೀರು ತುಂಬಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ.

ಮೊದಲ ಮೀನುಗಳಾಗಿ ಗಪ್ಪಿ ಅಥವಾ ಮೋಲಿ ತನ್ನಿ. ಎರಡಕ್ಕೂ ಗಡಸು ನೀರು ಒಗ್ಗುತ್ತದೆ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಮೊದಲು ನಾಲ್ಕೈದು ಸಾಕು. ಮರಿ ಹಾಕುವ ಜಾತಿಯಾದ್ದರಿಂದ ಉಳಿದವನ್ನು ಅವೇ ತುಂಬಿಕೊಳ್ಳುತ್ತವೆ.