ಶಾಲೆಯಲ್ಲೊಂದು ಪುಟ್ಟ ಕಡಲು

ನಮ್ಮ ಬಯಲುಸೀಮೆಯ ಮಕ್ಕಳಲ್ಲಿ ಕಡಲನ್ನು ಕಣ್ಣಾರೆ ಕಂಡವರು ವಿರಳ. ಸಮುದ್ರವೆಂದರೆ ಅವರ ಪಾಲಿಗೆ ಭೂಪಟದ ನೀಲಿ ಬಣ್ಣ ಮಾತ್ರ. ಆದುದರಿಂದ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಸ್ಥಾಪಿಸಬೇಕೆಂಬ ಬಯಕೆ ಶಿಕ್ಷಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಮೂಡುವುದು ಸಹಜ. ಬಯಕೆ ಸ್ತುತ್ಯವಾದುದೇ. ಆದರೆ ಇದು ಗಾಜಿನ ಕಪಾಟು ಕೊಂಡು ತಂದಂತಲ್ಲ. ಮೂಕಜೀವಿಗಳ ಹೊಣೆ ಹೊತ್ತಂತೆ.

ಈ ಮಾತನ್ನು ಅನುಭವದಿಂದಲೇ ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ ವಿಜ್ಞಾನ ಪ್ರದರ್ಶನವೊಂದಕ್ಕಾಗಿ ನಾವು ತೊಟ್ಟಿಗೆ ನೀರು ತುಂಬಿ, ಉಪ್ಪು ಕದಡಿ, ಉದ್ಘಾಟನೆಯ ಮುನ್ನಾದಿನ ಆರು ಮೀನುಗಳನ್ನು ಬಿಟ್ಟೆವು. ಅತಿಥಿಗಳು ಮೆಚ್ಚಿದರು. ವಾರ ತುಂಬುವುದರೊಳಗೆ ಆರೂ ಸತ್ತವು. "ನೀರು ಇಷ್ಟು ತಿಳಿಯಾಗಿದೆಯಲ್ಲ, ಮತ್ತೇಕೆ ಸತ್ತವು ಸಾರ್?" ಎಂದು ಏಳನೆಯ ತರಗತಿಯ ಬಾಲಕನೊಬ್ಬ ಕೇಳಿದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಕಾಣದ ವಿಷ, ಕಾಣದ ಸೇವಕರು

ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಇದು ಕಣ್ಣಿಗೆ ಕಾಣದು. ಕಡಲ ನೀರಿನ ಪಿಎಚ್ ಸುಮಾರು 8.2. ಇಂತಹ ಕ್ಷಾರಗುಣದ ನೀರಿನಲ್ಲಿ ಅಮೋನಿಯಾದ ವಿಷ ಮತ್ತಷ್ಟು ತೀವ್ರ. ನಿಸರ್ಗದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯದು ಆ ನೈಟ್ರೈಟನ್ನು ಹೆಚ್ಚು ನಿರಪಾಯಕರವಾದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಸೇವಕರು ಇರುವುದಿಲ್ಲ. ಮರಳು, ಕಲ್ಲು, ಶೋಧಕಗಳ ಮೇಲೆ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ನಮ್ಮ ಮೀನುಗಳು ಸತ್ತದ್ದು ನಾವು ಈ ಅವಧಿಯನ್ನು ಕಾಯದೆ ಹೋದುದರಿಂದ.

ಸಿದ್ಧತೆಯ ಕ್ರಮ

ಮೊದಲ ಪ್ರಯತ್ನಕ್ಕೆ ಚಿಕ್ಕ ತೊಟ್ಟಿಯೇ ಸುಲಭವೆಂಬುದು ತಪ್ಪು ತಿಳಿವಳಿಕೆ. ಸ್ವಲ್ಪ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು ಎತ್ತರವುಳ್ಳ ತೊಟ್ಟಿ ಸುಮಾರು 180 ಲೀಟರು ಹಿಡಿಯುತ್ತದೆ. ನೀರು, ಗಾಜು, ಮರಳು ಸೇರಿ ಇದರ ಭಾರ 200 ಕಿಲೋ ಮೀರುವುದರಿಂದ ಭದ್ರವಾದ ಪೀಠ ಅವಶ್ಯಕ. ನೇರ ಬಿಸಿಲು ಬೀಳದ ಸ್ಥಳವನ್ನು ಆರಿಸಬೇಕು.

ಅಡಿಗೆಯ ಉಪ್ಪಿನಿಂದ ಕಡಲಾಗದು. ಕಡಲ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ನೂರಕ್ಕೆ ಸುಮಾರು 85 ಪಾಲು. ಉಳಿದುದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದುವು. ಅಕ್ವೇರಿಯಂಗೆಂದೇ ಸಿದ್ಧಪಡಿಸಿದ ಸಮುದ್ರ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಕರಗಿಸಬೇಕು. ಕಲ್ಲು ಮರಳುಗಳ ಜಾಗ ಕಳೆದು 150 ಲೀಟರು ನೀರು ಹಿಡಿದರೆ ಐದೂಕಾಲು ಕಿಲೋ ಲವಣವಾಯಿತು. ಹೈಡ್ರೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಸುಮಾರಿನಲ್ಲಿರಬೇಕು. ಕೊಳವೆ ಬಾವಿಯ ಗಡಸು ನೀರಿಗಿಂತ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಉತ್ತಮ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ.

ಇನ್ನು ಬ್ಯಾಕ್ಟೀರಿಯಾಗಳಿಗೆ ಆಹಾರ. ನವಸಾಗರವೆಂದು ರೂಢಿಯಲ್ಲಿರುವ ಅಮೋನಿಯಂ ಕ್ಲೋರೈಡ್ ಪ್ರಯೋಗಶಾಲೆಯ ಕಪಾಟಿನಲ್ಲಿಯೇ ಇರುತ್ತದೆ. ಶುದ್ಧ ದರ್ಜೆಯದನ್ನು 150 ಲೀಟರಿಗೆ ಸುಮಾರು 1 ಗ್ರಾಂ ಹಾಕಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಗಳನ್ನು ಮಕ್ಕಳಿಂದಲೇ ಮಾಡಿಸಿ, ಫಲಿತಾಂಶವನ್ನು ದಿನವಹಿಯಲ್ಲಿ ಬರೆಯಿಸಬೇಕು. ಅಮೋನಿಯಾ ಮೊದಲು ಇಳಿಯುತ್ತದೆ. ನೈಟ್ರೈಟ್ ಏರಿ ಬಳಿಕ ಇಳಿಯುತ್ತದೆ. ಹಾಕಿದ ಪ್ರಮಾಣವು ಒಂದೇ ದಿನದಲ್ಲಿ ಎರಡೂ ರೂಪದಲ್ಲಿ ಇಲ್ಲವಾದಾಗ ತೊಟ್ಟಿ ಮೀನಿಗೆ ಯೋಗ್ಯವಾಯಿತೆಂದು ತಿಳಿಯಬೇಕು. ಆಗ ಸಂಗ್ರಹವಾದ ನೈಟ್ರೇಟನ್ನು ತಗ್ಗಿಸಲು ಅರ್ಧದಷ್ಟು ನೀರನ್ನು ಬದಲಿಸುವುದು ಒಳಿತು.

ಜೀವಿಗಳ ಆಯ್ಕೆ

ಗತಕಾಲದ ಒಂದು ಎಚ್ಚರಿಕೆ ಇಲ್ಲಿ ಸ್ಮರಣೀಯ. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಪ್ರಕೃತಿ ವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್ ಈ ವಿಷಯದ ಗ್ರಂಥವನ್ನು ಪ್ರಕಟಿಸಿದನು. ಜನ ಮುಗಿಬಿದ್ದು ಕಡಲತೀರದ ಬಂಡೆಗುಂಡಿಗಳನ್ನು ಬರಿದುಮಾಡಿದರು. ತಂದೆಯ ಗ್ರಂಥಗಳೇ ಪ್ರೇರೇಪಿಸಿದ ಆ ಸೂರೆಗಾಗಿ ಮಗ ಎಡ್ಮಂಡ್ ಗಾಸ್ 1907ರ ತನ್ನ ಕೃತಿಯಲ್ಲಿ ಮರುಗಿದ್ದಾನೆ.

ಆ ತಪ್ಪು ನಮ್ಮಿಂದಾಗಬಾರದು. ನಮ್ಮ ದೇಶದಲ್ಲಿ ಹವಳಗಳನ್ನೂ ಕಡಲಕುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಡಿಸಲಾಗಿದೆ. ಹವಳದ ಬಂಡೆಯ ಬದಲು ರಂಧ್ರಮಯ ಸೆರಾಮಿಕ್ ಕಲ್ಲುಗಳನ್ನು ಬಳಸಬಹುದು. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹೀಗೆ ಸಾಕಿ ಬೆಳೆಸಿದ ಒಂದು ಜೋಡಿಯೇ ಆರಂಭಕ್ಕೆ ಸಾಕು.

ನಿತ್ಯದ ಆರೈಕೆ

ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗದು. ಆದುದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು. ಎರಡು ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ತೆಗೆದು, ಮೊದಲೇ ಕದಡಿಟ್ಟ ಉಪ್ಪುನೀರನ್ನು ಸೇರಿಸಬೇಕು. ಆಹಾರ ಮಿತವಾಗಿರಲಿ. ವಿದ್ಯುತ್ ಹೋದಾಗ ಗಾಳಿಯೂಡಲು ಬ್ಯಾಟರಿಯ ಪಂಪು ಸಿದ್ಧವಿರಲಿ. ಬೇಸಗೆ ರಜೆಯಲ್ಲಿ ಯಾರು ನೋಡಿಕೊಳ್ಳುವರೆಂಬುದನ್ನು ಮೀನು ತರುವ ಮೊದಲೇ ನಿಶ್ಚಯಿಸಬೇಕು. ಕ್ಲೌನ್ ಮೀನು ಹತ್ತು ವರ್ಷ ಮೀರಿಯೂ ಬದುಕಬಲ್ಲದು.

ದಾನಿಗಳಲ್ಲಿ ಒಂದು ಬಿನ್ನಹ. ತಾವು ತೊಟ್ಟಿಯನ್ನು ದಾಸೋಹ ಭಾವದಿಂದ ನೀಡಿದಾಗ ಅದರೊಡನೆ ಆರು ವಾರಗಳ ಅವಧಿಯನ್ನೂ ನೀಡಬೇಕು. ಉದ್ಘಾಟನೆಯ ದಿನ ಅದರಲ್ಲಿ ಮರಳು, ಕಲ್ಲು, ನೀರು ಮಾತ್ರ ಕಂಡರೆ ಬೇಸರಿಸಬಾರದು. ಆ ಬರಿಯ ನೀರಿನ ಮುಂದೆ ಪರೀಕ್ಷಾ ನಳಿಕೆ ಹಿಡಿದು ನಿಂತ ಬಾಲಕನು ತನ್ನ ಕಾಯಕವನ್ನು ಆರಂಭಿಸಿರುತ್ತಾನೆ. ನೀರು ತಿಳಿಯಾಗಿದ್ದರೂ ಮೀನು ಏಕೆ ಸಾಯುತ್ತದೆಂದು ಅವನು ಇನ್ನಾರನ್ನೂ ಕೇಳಬೇಕಾಗುವುದಿಲ್ಲ.