ಸೀಸೆಯ ಮೇಲಿನ ಚೀಟಿ

ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಹಾಲು ಹಿಂಡುವ ಹೊತ್ತಿಗೆ ಹೋಗಿದ್ದೆ. ಗೂಡಿನಲ್ಲಿ ಚೀಟಿಯೇ ಇಲ್ಲದ ಸಣ್ಣ ಪ್ಲಾಸ್ಟಿಕ್ ಸೀಸೆ, ಪಕ್ಕದಲ್ಲಿ ಸಿರಿಂಜು. ಕೇಳಿದ್ದಕ್ಕೆ ಮನೆಯ ಹಿರಿಯರು, “ಕರಾ ಸತ್ತದ್ರಿ ಸರ್. ಸೂಜಿ ಹಾಕ್ಲಿಲ್ಲಂದ್ರ ಎಮ್ಮಿ ಹಾಲು ಇಳಸಂಗಿಲ್ರಿ” ಅಂದರು. ಸೀಸೆಯಲ್ಲಿ ಇದ್ದದ್ದು ಆಕ್ಸಿಟೋಸಿನ್ ಎಂದು ಮಾರಿದವನು ಹೇಳಿದ್ದನಂತೆ. ಎಷ್ಟು ಇದೆ, ಯಾವಾಗ ತಯಾರಾಯಿತು, ನಿಜವಾಗಿ ಅದೇ ಹೌದೋ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬೀದರ್‌ನ ಪ್ರಯೋಗಾಲಯದಲ್ಲಿ ಇದೇ ಆಕ್ಸಿಟೋಸಿನ್ ಪೆಪ್ಟೈಡನ್ನು ಮೈನಸ್ 20 ಡಿಗ್ರಿಯಲ್ಲಿಟ್ಟು, ಮೈಕ್ರೋಗ್ರಾಂ ಲೆಕ್ಕದಲ್ಲಿ ಬಳಸುವ ನನಗೆ ಆ ಸೀಸೆ ಕಂಡು ಭಯವಾಯಿತು.

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಗಿಡ್ಡ ಸರ. ಸರ ಉದ್ದವಾಗಿ, ಮಡಚಿಕೊಂಡರೆ ಅದನ್ನು ಪ್ರೋಟೀನ್ ಅನ್ನುತ್ತೇವೆ. ಆಕ್ಸಿಟೋಸಿನ್‌ನಲ್ಲಿ ಇರುವುದು ಬರೀ 9. ಕರು ಮೊಲೆಗೆ ಬಾಯಿ ಹಾಕಿದಾಗ, ಇಲ್ಲವೇ ಕೆಚ್ಚಲನ್ನು ಬಿಸಿನೀರಲ್ಲಿ ತೊಳೆದು ತಿಕ್ಕಿದಾಗ, ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ಅದು ರಕ್ತಕ್ಕೆ ಬರುತ್ತದೆ, ಎಮ್ಮೆ ಸೊರೆ ಬಿಡುತ್ತದೆ. ಎಮ್ಮೆ ಬೆದರಿದರೆ ಈ ಕೆಲಸ ಕೆಡುತ್ತದೆ. ಅದೇ ಗ್ರಂಥಿಯಿಂದ ಬರುವ ವಾಸೊಪ್ರೆಸಿನ್‌ನಲ್ಲೂ 9 ಅಮೈನೊ ಆಮ್ಲಗಳೇ. ಮೂರನೆಯದು, ಎಂಟನೆಯದು ಬೇರೆ, ಅಷ್ಟೇ. ಒಂದು ಹಾಲು ಇಳಿಸುತ್ತದೆ, ಇನ್ನೊಂದು ಮೂತ್ರಪಿಂಡಕ್ಕೆ ನೀರು ಉಳಿಸಿಕೋ ಅನ್ನುತ್ತದೆ. ಎರಡೇ ಜಾಗಗಳ ವ್ಯತ್ಯಾಸಕ್ಕೆ ಇಷ್ಟು ಅಂತರ ಎಂದು ಮೊದಲು ಓದಿದಾಗ ಆದ ಬೆರಗು ನನ್ನಲ್ಲಿ ಇನ್ನೂ ಹಾಗೇ ಇದೆ.

1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದರು, 1955ರಲ್ಲಿ ನೊಬೆಲ್ ಬಂತು. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಸರದ ಒಂದು ತುದಿಯನ್ನು ರಾಳದ ಕಾಳಿಗೆ ಅಂಟಿಸಿ, ಒಂದೊಂದೇ ಅಮೈನೊ ಆಮ್ಲ ಸೇರಿಸುತ್ತ, ಬೇಡದ್ದನ್ನು ತೊಳೆದುಬಿಡುವ ದಾರಿ ಕಂಡುಕೊಂಡರು. ಇವತ್ತು ನಮಗೆ ಬೇಕಾದ ಅನುಕ್ರಮ ಬರೆದು ಕಳಿಸಿದರೆ ಬಿಳಿ ಪುಡಿಯಾಗಿ ಬರುವುದು ಆ ದಾರಿಯಿಂದಲೇ.

ಪುಡಿ ಬಂದ ಮೇಲೆ ನಿಜವಾದ ಕೆಲಸ ಶುರು. ಒಣ ಪುಡಿ ಪ್ರಯಾಣದ ಕೆಲವು ದಿನ ತಡೆಯುತ್ತದೆ. ನೀರಿಗೆ ಹಾಕಿದ ಮೇಲೆ ತಡೆಯುವುದಿಲ್ಲ. ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ತೆರೆಯಬಾರದು, ಬೀದರ್‌ನ ಮಳೆಗಾಲದ ಗಾಳಿಯ ತೇವವೆಲ್ಲ ತಣ್ಣನೆಯ ಪುಡಿಗೆ ಇಳಿಯುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಕರಗಿಸಿದ್ದನ್ನು ಒಂದೊಂದು ಪ್ರಯೋಗಕ್ಕೆ ಸಾಕಾಗುವಷ್ಟು ಪುಟ್ಟ ಟ್ಯೂಬುಗಳಿಗೆ ಹಂಚಿಡಬೇಕು. ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಪೆಪ್ಟೈಡ್ ಕೆಡುತ್ತದೆ. ತೀರ ತೆಳು ದ್ರಾವಣವಾದರೆ ಟ್ಯೂಬಿನ ಗೋಡೆಗೇ ಅಂಟಿಕೊಂಡು ಮಾಯವಾಗುವುದೂ ಉಂಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಕರೆಂಟು ಹೋಗಿ ಬರುವ ಊರಿನಲ್ಲಿ ಫ್ರೀಜರ್‌ನ ಉಷ್ಣಾಂಶ ಬರೆದಿಡುವ ಪುಸ್ತಕವೂ ಪ್ರಯೋಗದ ಭಾಗವೇ.

ವಿದ್ಯಾರ್ಥಿಗಳಿಗೆ ನಾನು ಹೆಚ್ಚು ಹೊತ್ತು ಹೇಳುವುದು ಚೀಟಿ ಓದುವುದನ್ನು. ಶುದ್ಧತೆ ಶೇ 98 ಎಂದಿದ್ದರೆ ಪುಡಿಯ ತೂಕದಲ್ಲಿ ಶೇ 98 ಪೆಪ್ಟೈಡ್ ಎಂದಲ್ಲ. ಇರುವ ಪೆಪ್ಟೈಡ್‌ಗಳ ಪೈಕಿ ಅಷ್ಟು ಭಾಗ ನಮಗೆ ಬೇಕಾದದ್ದು ಎಂದು ಮಾತ್ರ. ಪುಡಿಯಲ್ಲಿ ನೀರಿರುತ್ತದೆ, ಶುದ್ಧೀಕರಣದಲ್ಲಿ ಸೇರಿದ ಟ್ರೈಫ್ಲೂರೊಅಸಿಟೇಟ್ ಲವಣವಿರುತ್ತದೆ. ನಿವ್ವಳ ಪೆಪ್ಟೈಡ್ ಶೇ 75 ಇದ್ದರೆ 5 ಮಿಲಿಗ್ರಾಂ ಪುಡಿಯಲ್ಲಿ ಪೆಪ್ಟೈಡ್ 3.75 ಮಿಲಿಗ್ರಾಂ. ಈ ಲೆಕ್ಕ ಬಿಟ್ಟರೆ ಮುಂದಿನ ಗ್ರಾಫ್ ಎಷ್ಟು ಚೆಂದ ಬಂದರೂ ಸುಳ್ಳು.

ಔರಾದಿನ ಆ ಹಿರಿಯರಿಗೂ ನಾನು ಹೇಳಿದ್ದು ಚೀಟಿಯ ಮಾತನ್ನೇ. ಆಕ್ಸಿಟೋಸಿನ್ ಕೆಟ್ಟ ವಸ್ತುವಲ್ಲ. ಹೆರಿಗೆಯಾದ ತಾಯಿಯ ರಕ್ತಸ್ರಾವ ನಿಲ್ಲಿಸಿ ಜೀವ ಉಳಿಸುವ ಔಷಧಿ ಅದು. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆ ನಿಲ್ಲಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಗೆ ಮಾತ್ರ ಅವಕಾಶ ಕೊಡಲು ಹೊರಟಾಗ, ತಾಯಂದಿರಿಗೆ ಔಷಧಿ ಸಿಗದೆ ಹೋದೀತೆಂಬ ಆತಂಕ ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದರೆ ಹಾಲಿಗಾಗಿ ದನಕ್ಕೆ ಹಾನಿಯಾಗುವಂಥ ಚುಚ್ಚುಮದ್ದು ಕೊಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಅಪರಾಧ ಎನ್ನುತ್ತದೆ. ಎಮ್ಮೆಗೆ ಹಿಂಡಿ ಇಟ್ಟು, ಕೆಚ್ಚಲು ತಿಕ್ಕಿ, ದಿನವೂ ಅದೇ ಹೊತ್ತಿಗೆ ಅದೇ ಕೈ ಹಿಂಡಲಿ, ಸ್ವಲ್ಪ ದಿನ ತಾಳಿ ಅಂದೆ. “ನೋಡ್ತೀನ್ರಿ” ಅಂದರು. ಅಷ್ಟಕ್ಕೇ ನಂಬಿಬಿಡುವವರಲ್ಲ, ನಂಬಬೇಕಾಗಿಯೂ ಇಲ್ಲ. ಕರು ಸತ್ತ ಮನೆಯ ಕಷ್ಟ ನನಗಿಂತ ಅವರಿಗೆ ಗೊತ್ತು.

ಈಚೆಗೆ ಬೇರೊಂದು ಬಗೆಯ ಸೀಸೆ ಚಿಂತೆಗೆ ಹಚ್ಚಿದೆ. ಜಿಮ್‌ಗೆ ಹೋಗುವ ಹುಡುಗರು ಮೊಬೈಲ್ ತೋರಿಸಿ, “ಸರ್, ಈ ಪೆಪ್ಟೈಡ್ ತಗೋಬಹುದಾ?” ಎಂದು ಕೇಳುತ್ತಾರೆ. ‘ಸಂಶೋಧನೆಗೆ ಮಾತ್ರ’ ಎಂದು ಬರೆದ ಪುಡಿ ಮನುಷ್ಯನ ಮೈಗೆ ಚುಚ್ಚಲು ತಯಾರಾದದ್ದಲ್ಲ. ಅದು ಕ್ರಿಮಿರಹಿತವೆಂಬ ಖಾತ್ರಿ ಇಲ್ಲ. ಬೇಡ ಎಂದು ನೇರವಾಗಿಯೇ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಪೆಪ್ಟೈಡ್ ಹಾಲಿನ ಬೆಲೆಯವರೆಗೂ ಬಂದಿದೆ. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವ್‌ನಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ದೇವಣಿ ದನದ ತಳಿ ಕೇಂದ್ರವಿದೆ. ದೇವಣಿ ಸಾಕಿದವರು ‘ಎ2 ಹಾಲು’ ಎಂಬ ಮಾತನ್ನು ಈಗ ಚೆನ್ನಾಗಿ ಬಲ್ಲರು. ಹಾಲಿನ ಬೀಟಾ ಕೇಸೀನ್ 209 ಅಮೈನೊ ಆಮ್ಲಗಳ ಪ್ರೋಟೀನ್. 67ನೇ ಜಾಗದಲ್ಲಿ ಪ್ರೋಲಿನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಎ1 ಜೀರ್ಣವಾಗುವಾಗ ಅಲ್ಲಿ ಸುಲಭವಾಗಿ ತುಂಡಾಗಿ, 7 ಅಮೈನೊ ಆಮ್ಲಗಳ ಬಿಸಿಎಂ-7 ಎಂಬ ಪೆಪ್ಟೈಡ್ ಹೊರಬರುತ್ತದೆ. ಅದನ್ನು ಅಳೆಯಬೇಕಾದರೆ ಕಟ್ಟಿ ತಂದ ಅದೇ ಪೆಪ್ಟೈಡನ್ನು ಗೊತ್ತಿರುವ ಪ್ರಮಾಣದಲ್ಲಿ ಯಂತ್ರಕ್ಕೆ ಕೊಟ್ಟು ಹೋಲಿಸಬೇಕು. ಅಳತೆಗೋಲೇ ತಪ್ಪಿದ್ದರೆ ಹಾಲಿನ ಬಗ್ಗೆ ಏನು ಹೇಳಿದರೂ ತಪ್ಪೇ. ಬಿಸಿಎಂ-7ರಿಂದ ಕಾಯಿಲೆ ಬರುತ್ತದೆ ಎನ್ನುವುದನ್ನು 2009ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪರಿಶೀಲಿಸಿ, ಕಾರಣ–ಪರಿಣಾಮದ ನಂಟು ಸಿದ್ಧವಾಗಿಲ್ಲ ಎಂದಿತು. ದೇವಣಿ ಹಾಲಿಗೆ ಒಳ್ಳೆಯ ಬೆಲೆ ಸಿಗಲಿ, ಬಿಸಿಲು ತಡೆದು ಹೊಲದಲ್ಲೂ ದುಡಿಯುವ ತಳಿ ಉಳಿಯಲಿ ಎನ್ನುವುದು ನನ್ನ ಆಸೆಯೂ ಹೌದು. ಅದಕ್ಕಾಗಿಯೇ ಭಾಲ್ಕಿಯ ದನಗಾಹಿಗಳಿಗೆ ಹೇಳುತ್ತಿದ್ದೇನೆ: ಪ್ಯಾಕೆಟ್ ಮೇಲೆ ‘ದೇವಣಿ ಹಾಲು’ ಎಂದು ಧೈರ್ಯವಾಗಿ ಬರೆಯಿರಿ, ‘ರೋಗ ವಾಸಿ ಮಾಡುತ್ತದೆ’ ಎಂದು ಬರೆಯಬೇಡಿ.