ಪುಟ್ಟಿ ಶಾಲೆಗೆ ಹೋಗುವವರೆಗೆ ಕಾಯಬೇಡ

ತೋಡೂರು, ಕಾರವಾರ ತಾಲೂಕು

ತಂಗೀ,

ಇಲ್ಲಿ ಮಳೆ ಹಗಲೂ ರಾತ್ರಿ ಹೊಡೆಯುತ್ತಿದೆ. ಅಜ್ಜಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಪುಟ್ಟಿಗೆ ಹಲ್ಲು ಎಷ್ಟು ಬಂತು, ಗಂಜಿ ಉಣ್ಣುತ್ತಾಳಾ ಎಂದು ದಿನಾ ಕೇಳುತ್ತಾಳೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗಿಲ್ಲ. ‘ಪುಟ್ಟಿ ಶಾಲೆಗೆ ಹೋಗುವವರೆಗೆ ಬರೆಯುವುದನ್ನು ಬದಿಗಿಟ್ಟಿದ್ದೇನೆ ಅತ್ತೆ. ಎಂ.ಕೆ. ಇಂದಿರಾ ನಲವತ್ತೈದರ ಮೇಲೆ ಶುರುಮಾಡಲಿಲ್ಲವಾ?’ ಎಂದೆ. ಅಷ್ಟರಲ್ಲಿ ಮಗು ಅತ್ತಿತು, ನೀನು ಫೋನ್ ಇಟ್ಟೆ. ಈ ಮಾತಿಗೆ ನಿಧಾನವಾಗಿ ಉತ್ತರ ಹೇಳಬೇಕು ಅನ್ನಿಸಿತು, ಅದಕ್ಕೆ ಈ ಪತ್ರ. ಒಂದೇ ಸಲಕ್ಕೆ ಓದಿ ಮುಗಿಸಲು ಆಗದಿದ್ದರೆ ಎರಡು ಸಲಕ್ಕೆ ಓದು.

ಇಂದಿರಾ ಅವರ ವಿಷಯ ನಿಜ. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಆದರೆ ಅದೇ 1963ರಲ್ಲಿ ಮೈಸೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. ತ್ರಿವೇಣಿ ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರಿಗೆ ಆಗ 35 ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತು ಕಾದಂಬರಿಗಳ ಹತ್ತಿರ ಬರೆದಿದ್ದರು. ಮಗು ಆಗಲಿ, ದೊಡ್ಡದಾಗಲಿ, ಆಮೇಲೆ ನೋಡೋಣ ಎಂದು ಅವರು ಕೂತಿದ್ದರೆ ನಮಗೆ ‘ಬೆಕ್ಕಿನ ಕಣ್ಣು’ ಇಲ್ಲ, ‘ಶರಪಂಜರ’ ಇಲ್ಲ. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ ಮಾರಾಯ್ತಿ, ನೀನು ನೂರು ವರ್ಷ ಬಾಳು. ನೀನು ಇಂದಿರಾ ಹೆಸರು ಹೇಳಿದೆ, ನಾನು ತ್ರಿವೇಣಿಯ ಹೆಸರನ್ನೂ ಅದರ ಪಕ್ಕಕ್ಕೆ ಇಡುತ್ತಿದ್ದೇನೆ, ಅಷ್ಟೇ.

ಇನ್ನೂ ಒಂದು. ಇಂದಿರಾ ಆ ನಲವತ್ತೈದು ವರ್ಷ ಸುಮ್ಮನಿದ್ದರು ಎಂದು ತಿಳಿಯಬೇಡ. ಅವರ ‘ಫಣಿಯಮ್ಮ’ ಕಾದಂಬರಿಯ ಕಥೆ ಅವರಿಗೆ ತಾಯಿಯ ಬಾಯಿಂದ ಬಂದದ್ದು, ತಮ್ಮದೇ ಮನೆತನದ ವಿಧವೆಯೊಬ್ಬಳ ಬದುಕು ಅದು. ಕೇಳಿದ್ದನ್ನು ಅವರು ಜೋಪಾನ ಮಾಡಿ ಇಟ್ಟುಕೊಂಡಿದ್ದರು. ನೀನು ಬದಿಗಿಟ್ಟಿದ್ದೇನೆ ಎನ್ನುವುದು ಅಂಥ ಜೋಪಾನವೋ, ಅಥವಾ ಕೈಬಿಟ್ಟದ್ದೋ? ನಿನ್ನನ್ನೇ ಕೇಳಿಕೋ.

‘ಶರಪಂಜರ’ದ ಹೆಸರು ಬಂದಾಗ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ಹೆರಿಗೆಯ ನಂತರ ಹೆಂಗಸಿನ ಮನಸ್ಸು ಕುಸಿಯಬಹುದು ಎಂಬುದನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ಕಾದಂಬರಿ ಅದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕ್ ಅವರೂ ತಮ್ಮ ಬಾಣಂತನದ ದಿನಗಳ ಖಿನ್ನತೆಯ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ್ದಾರೆ. ನಿನ್ನ ದನಿ ಈಚೆಗೆ ಸಣ್ಣದಾಗಿದೆ. ಬರೀ ನಿದ್ದೆಗೇಡಾದರೆ ಸರಿ. ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗು. ಆ ಕಾಯಿಲೆಗೆ ಕಥೆ ಬರೆಯುವುದು ಮದ್ದಲ್ಲ.

ಈಗ ಸಮಯದ ಮಾತು. ಬರೆಯುವ ಹೆಂಗಸರಿಗೆ ಎಲ್ಲರೂ ಕೊಡುವ ಬುದ್ಧಿವಾದ ಒಂದಿದೆ: ನಸುಕಿನ ನಾಲ್ಕಕ್ಕೆ ಏಳು, ಮನೆ ಎದ್ದೇಳುವ ಮೊದಲು ಬರೆದು ಮುಗಿಸು. ನನಗೆ ಇದು ಒಪ್ಪಿಗೆಯಿಲ್ಲ. ರಾತ್ರಿ ಮೂರು ಸಲ ಎದ್ದು ಹಾಲುಣಿಸುವ ತಾಯಿಯ ನಿದ್ದೆಯಿಂದಲೇ ಇನ್ನೊಂದು ಗಂಟೆ ಕದಿಯಿರಿ ಎನ್ನುವುದು ಯಾವ ನ್ಯಾಯ? ನಿನ್ನ ಗಂಟೆ ನಿನ್ನ ನಿದ್ದೆಯಿಂದ ಬರಬಾರದು, ಮನೆಯವರೆಲ್ಲರ ದಿನದಿಂದ ಬರಬೇಕು. ಅದನ್ನು ಬಾಯಿಬಿಟ್ಟು ಕೇಳಬೇಕು. ಸಿಕ್ಕಿದಾಗ ಬರೆಯುತ್ತೇನೆ ಎಂದರೆ ಸಿಗುವುದಿಲ್ಲ. ಒಂದು ದಿನ ನೆಂಟರು, ಒಂದು ದಿನ ಮಗುವಿಗೆ ಜ್ವರ, ಒಂದು ದಿನ ಗ್ಯಾಸ್ ಸಿಲಿಂಡರ್.

ನಾನು ಕೇಳಿ ಪಡೆದವಳು. ಶಾಲೆ ಮುಗಿಸಿ ಬಸ್ಸಿನಲ್ಲಿ ನಿಂತು ಬಂದು, ಸಾರು ಮಾಡಿಟ್ಟು, ಎಂಟಕ್ಕೆ ಅಡುಗೆಮನೆಯಲ್ಲೇ ಮಣೆ ಹಾಕಿ ಕೂರುತ್ತಿದ್ದೆ. ಆ ಹೊತ್ತಿಗೆ ನಿನ್ನ ಮಾವ ಮಕ್ಕಳಿಬ್ಬರನ್ನೂ ಜಗಲಿಗೆ ಕರೆದುಕೊಂಡು ಹೋಗಿ ಮಗ್ಗಿ ಹೇಳಿಸುತ್ತಿದ್ದರು. ಉಣಿಸಿ ಮಲಗಿಸುವುದೂ ಅವರದ್ದೇ. ಅಜ್ಜಿ ಮೊದಮೊದಲು ಗೊಣಗಿದಳು, ಆಮೇಲೆ ತಾನೇ ಬಾಗಿಲು ಮುಂದಕ್ಕೆ ಮಾಡಿ ಹೋಗುತ್ತಿದ್ದಳು. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಶಾಯಿ ಹರಡುತ್ತದೆಂದು ವಹಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಮುರುಗಲ ಸಿಪ್ಪೆ ಒಣಗಿಸುವ ಕಡೆ ಇಡುತ್ತಿದ್ದೆ. ಆ ವಹಿಗಳು ಈಗಲೂ ಹೊಗೆ ವಾಸನೆ ಹೊಡೆಯುತ್ತವೆ, ಅಂಚಿನಲ್ಲಿ ಮುರುಗಲಿನ ಕೆಂಪು ಕಲೆ. ಕಾರವಾರ ಆಕಾಶವಾಣಿಯಲ್ಲಿ ನಾನು ಓದಿದ ಮಕ್ಕಳ ಕಥೆಗಳೆಲ್ಲ ಆ ಮಣೆಯ ಮೇಲೆ ಬರೆದವು. ಒಂದು ಗಂಟೆಯಲ್ಲಿ ಅರ್ಧ ಪುಟವಾದ ದಿನವೂ ಇತ್ತು, ಒಂದು ಸಾಲೂ ಆಗದ ದಿನವೂ ಇತ್ತು. ಆದರೂ ಆ ಗಂಟೆಯನ್ನು ಮನೆಯಲ್ಲಿ ಯಾರೂ ವಾಪಸ್ ಕೇಳಲಿಲ್ಲ.

ಅಳಿಯಂದಿರು ಒಳ್ಳೆಯವರು, ನನಗೆ ಗೊತ್ತು. ಆದರೆ ಒಳ್ಳೆಯವರಿಗೂ ಹೇಳದೆ ತಿಳಿಯುವುದಿಲ್ಲ. ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿಗೆ ಮಗು ನಿಮ್ಮದು ಎಂದು ಗಡಿಯಾರ ತೋರಿಸಿ ಹೇಳು. ನಿನ್ನ ಗಂಡನ ತಾಯಿಯ ಎದುರಿಗೇ ಹೇಳು, ಅವರ ಬೆನ್ನ ಹಿಂದೆ ಬೇಡ. ಆ ಹೊತ್ತಿನಲ್ಲಿ ಪುಟ್ಟಿ ಅತ್ತರೆ ಎದ್ದು ಹೋಗಬೇಡ. ಅಪ್ಪನ ಕೈಯಲ್ಲಿ ಅತ್ತ ಮಗು ಅಪ್ಪನ ಕೈಯಲ್ಲೇ ಸುಮ್ಮನಾಗಲು ಕಲಿಯುತ್ತದೆ.

ಕೆಲಸ ಬಿಟ್ಟು ಬರವಣಿಗೆಯನ್ನೇ ಹಿಡಿಯಲಾ ಎಂದು ಹಿಂದೊಮ್ಮೆ ಕೇಳಿದ್ದೆಯಲ್ಲ, ಬೇಡ. ಲೆಕ್ಕ ಹಾಕು. ಒಂದು ಕಥಾಸಂಕಲನ ಸಾವಿರ ಪ್ರತಿ ಅಚ್ಚಾಯಿತು, ಬೆಲೆ 200 ರೂಪಾಯಿ, ಗೌರವಧನ ಶೇ. 10 ಎಂದಿಟ್ಟುಕೋ. ಎಲ್ಲ ಪ್ರತಿ ಮಾರಿದ ಮೇಲೆ ನಿನ್ನ ಕೈಗೆ ಬರುವುದು 20,000 ರೂಪಾಯಿ, ಬೆಂಗಳೂರಿನ ಒಂದು ತಿಂಗಳ ಮನೆ ಬಾಡಿಗೆ. ನಮ್ಮ ಜಿಲ್ಲೆಯ ದೊಡ್ಡವರು ಯಾರೂ ಪುಸ್ತಕದಿಂದ ಅನ್ನ ಉಂಡವರಲ್ಲ. ಗೌರೀಶ ಕಾಯ್ಕಿಣಿಯವರು ಮಾಸ್ತರರು. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯ ಉದ್ಯಮದಲ್ಲಿ ದುಡಿಯುತ್ತಲೇ ‘ಶಿಕಾರಿ’ ಬರೆದರು. ಜಯಂತ ಕಾಯ್ಕಿಣಿ ಅಲ್ಲೇ ಔಷಧ ಕಂಪನಿಯ ನೌಕರಿಯಲ್ಲಿದ್ದರು, ಅಂಕೋಲೆಯ ವಿವೇಕ ಶಾನಭಾಗರು ಇಂಜಿನಿಯರ್. ಸಂಬಳ ಇದ್ದದ್ದರಿಂದ ಅವರು ತಮಗೆ ಬೇಕಾದ್ದನ್ನೇ ಬರೆದರು. ಆದರೆ ಆ ಕಾಲದ ಗಂಡಸರಿಗೆ ಕಚೇರಿ ಮುಗಿದರೆ ಸಂಜೆ ಅವರದ್ದು, ನಿನಗೆ ಕಚೇರಿ ಮುಗಿದ ಮೇಲೆ ಎರಡನೇ ಪಾಳಿ ಶುರು. ಆ ಪಾಳಿಯನ್ನು ಹಂಚಿಕೋ ಎಂದು ಇಷ್ಟೊತ್ತು ಹೇಳಿದೆ.

ನಮ್ಮ ಪಕ್ಕದ ಅಂಕೋಲೆಯನ್ನೇ ನೋಡು. ಅಲಗೇರಿಯ ಮಗಳು ಸುನಂದಾ ಕಡಮೆ ಮದುವೆಯಾಗಿ ಹುಬ್ಬಳ್ಳಿ ಸೇರಿ, ಸಂಸಾರ ಮಾಡಿಕೊಂಡೇ ‘ಪುಟ್ಟ ಪಾದದ ಗುರುತು’ ಥರದ ಕಥೆಗಳನ್ನು ಬರೆದರು. ಗಂಡ ಪ್ರಕಾಶ ಕಡಮೆಯವರೂ ಬರೆಯುವವರು. ಮಗಳು ಕಾವ್ಯಾ ಕವಿತೆ ಬರೆದು ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದಳು. ಅಮ್ಮ ಬರೆಯುತ್ತಾ ಕೂತರೆ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಮನೆಯನ್ನು ತೋರಿಸು.

ಮನೆಯವರ ಬಗ್ಗೆ ಬರೆದರೆ ಅವರು ಏನೆನ್ನುತ್ತಾರೋ ಎಂಬ ಅಂಜಿಕೆ ನಿನ್ನಲ್ಲಿದೆ. ಅದು ಕುಂದಾಪುರದ ಜಾನಕಿಗೂ ಇತ್ತು. ‘ಸುಧಾ’ ವಾರಪತ್ರಿಕೆಗೆ ಕಥೆ ಕಳಿಸಿದ ಮೇಲೆ, ಇದು ನಿಜವಾಗಿ ನಡೆದದ್ದು, ಹಾಕಬೇಡಿ ಎಂದು ಅವರು ಸಂಪಾದಕರಿಗೆ ಬರೆದರು. ಸಂಪಾದಕರು ಕಥೆ ಬಿಡದೆ ಹೆಸರು ಬದಲಿಸಿ ಹಾಕಿದರು. ಹಾಗೆ ಸಿಕ್ಕಿದವರು ನಮ್ಮ ವೈದೇಹಿ. ಬೇಕಾದರೆ ನೀನೂ ಹೆಸರು ಬದಲಿಸು, ಊರು ಬದಲಿಸು, ಬರೆಯುವುದನ್ನು ಬಿಡಬೇಡ.

ಪುಟ್ಟಿ ಶಾಲೆಗೆ ಹೋಗುವವರೆಗೆ ಕಾಯಬೇಡ ಎನ್ನಲು ನನಗೆ ದೊಡ್ಡ ಕಾರಣ ಅಜ್ಜಿ. ನೀನು ಅರ್ಧಕ್ಕೆ ನಿಲ್ಲಿಸಿದ ಕಥೆ ಅವಳದ್ದೇ ತಾನೆ? ಇಲ್ಲಿಯ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಬಂತು. ನಡುವಿನ ವರ್ಷಗಳಲ್ಲಿ ಅಜ್ಜಿಯ ಊರೂ ಸೇರಿ ಕಡಲಂಚಿನ ಊರುಗಳು ಖಾಲಿಯಾದವು. ತೆಂಗು, ಗದ್ದೆ, ತುಳಸಿಕಟ್ಟೆ ಬಿಟ್ಟು ಬಂದವರಿಗೆ ತೋಡೂರಿನಲ್ಲೂ ಕಾಲೊನಿಯಾಯಿತು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದು ಕಡತಗಳಲ್ಲಿ ಸಿಗುತ್ತದೆ. ಅಜ್ಜಿ ಹೊರಡುವ ದಿನ ಒಲೆಯ ಬೂದಿಯನ್ನು ಬಾಚಿ ಬಟ್ಟೆಯಲ್ಲಿ ಕಟ್ಟಿಕೊಂಡದ್ದು ಯಾವ ಕಡತದಲ್ಲೂ ಇಲ್ಲ. ಅದನ್ನು ಅವಳು ನಿನಗೆ ಹೇಳಿದ್ದು ಯಾವಾಗ? ಕಳೆದ ಸಲ ನೀನು ಬಂದಾಗ, ಪುಟ್ಟಿಯನ್ನು ತೊಟ್ಟಿಲಲ್ಲಿ ತೂಗುತ್ತಾ. ಮಗು ಮಡಿಲಿಗೆ ಬಂದ ಮೇಲೆಯೇ ಅಜ್ಜಿ ನಿನ್ನನ್ನು ಸರೀಕಳೆಂದು ತಿಳಿದು ಬಾಯಿಬಿಟ್ಟದ್ದು. ಈಗೀಗ ಅವಳು ಹೆಸರು ಮರೆಯುತ್ತಾಳೆ. ಬಾವಿ ಯಾವ ಬದಿಗಿತ್ತು ಎಂದರೆ ದಿನಕ್ಕೊಂದು ದಿಕ್ಕು ತೋರಿಸುತ್ತಾಳೆ. ಪುಟ್ಟಿ ಒಂದನೇ ಇಯತ್ತೆಗೆ ಹೋಗುವ ಹೊತ್ತಿಗೆ ಕೇಳಲು ಯಾರಿರುತ್ತಾರೆ, ತಂಗೀ?

ನಾನು ಒಂದು ಉಪಾಯ ಮಾಡಿದ್ದೇನೆ. ಅಜ್ಜಿ ಮಾತಾಡುವಾಗ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ನಿನಗೆ ಕಳಿಸುತ್ತೇನೆ. ಪುಟ್ಟಿಗೆ ಉಣಿಸುವಾಗ ಕೇಳು, ಹೊಳೆದದ್ದನ್ನು ಮೊಬೈಲಿನಲ್ಲೇ ಹೇಳಿ ಇಟ್ಟುಕೋ. ಕೂತು ಬರೆಯುವುದು ಮಾತ್ರ ನಿನ್ನ ಗಂಟೆಯಲ್ಲಿ. ಕಥೆಗಳು ಒಂದು ಪುಸ್ತಕದಷ್ಟಾದಾಗ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಬಹುದು, ಛಂದ ಪುಸ್ತಕದವರ ಹಸ್ತಪ್ರತಿ ಸ್ಪರ್ಧೆಗೂ ಕಳಿಸಬಹುದು. ಅದು ಮುಂದಿನ ಮಾತು.

ಸದ್ಯಕ್ಕೆ ಒಂದೇ ಕೆಲಸ. ಈ ಪತ್ರವನ್ನು ಅಳಿಯಂದಿರಿಗೂ ಓದಲು ಕೊಟ್ಟು ಗಂಟೆ ಯಾವುದೆಂದು ಇವತ್ತೇ ಗೊತ್ತುಮಾಡಿಕೋ. ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆಗೆ ಕಣ್ಣಿಟ್ಟಿರು. ಅಜ್ಜಿಯ ಕಥೆಯನ್ನು ಮುಗಿಸಿ ಅದಕ್ಕೆ ಕಳಿಸು. ಕಳಿಸುವ ಮೊದಲು ಒಂದು ಪ್ರತಿ ನನಗೆ ಬರಲಿ, ಅಜ್ಜಿಗೆ ನಾನೇ ಓದಿ ಹೇಳುತ್ತೇನೆ.

ನಿನ್ನ ಅತ್ತೆ